ಕಿವಿ ತಪಾಸಣೆ ಆಯಿತು, ಮುಂದೇನು?

ಜರಗನಹಳ್ಳಿಯಂಥ ಬಡಾವಣೆಗಳ ಹೆತ್ತವರಿಗೆ, ಶಿಕ್ಷಕರಿಗೆ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಿಗೆ ಒಂದು ಕೈಪಿಡಿ

ಕಣ್ಣು ಮಂಜಾದ ಮಗು ಬೋರ್ಡು ಕಾಣಿಸ್ತಿಲ್ಲ ಮಿಸ್ ಎಂದು ಎದ್ದು ನಿಂತು ಹೇಳುತ್ತದೆ. ಕಿವಿ ಮಂದವಾದ ಮಗು ಹಾಗೆ ಹೇಳುವುದು ಅಪರೂಪ. ಪಕ್ಕದವನಿಗೆ ಎಷ್ಟು ಕೇಳಿಸುತ್ತಿದೆ ಎಂಬುದು ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಹುಟ್ಟಿದಾಗಿನಿಂದಲೋ ಎರಡು ವರ್ಷದಿಂದಲೋ ತನಗೆ ಕೇಳಿಸುತ್ತಿರುವುದೇ ಲೋಕದ ಸದ್ದು ಎಂದುಕೊಂಡಿರುತ್ತದೆ. ಹಾಗಾಗಿ ಕಿವಿಯ ತೊಂದರೆಯನ್ನು ಮಗು ಬಂದು ಹೇಳಲಿ ಎಂದು ಕಾಯುವಂತಿಲ್ಲ, ದೊಡ್ಡವರೇ ಹುಡುಕಬೇಕು.

ಹುಡುಕುವ ಏರ್ಪಾಡು ನಮ್ಮಲ್ಲಿ ಇಲ್ಲದಿಲ್ಲ. ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ 2007ರಲ್ಲಿ ಶುರುವಾಯಿತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ (ಆರ್‌ಬಿಎಸ್‌ಕೆ) ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಸಂಚಾರಿ ಆರೋಗ್ಯ ತಂಡಗಳು ನೋಡಬೇಕು: ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಒಂದು ಸಲ. ಆ ತಂಡ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಕಿವಿ ಸೋರುವುದೂ ಇದೆ, ಕೇಳಿಸದಿರುವುದೂ ಇದೆ. ಇದರ ಜೊತೆಗೆ ಸೇವಾ ಸಂಸ್ಥೆಗಳು, ಮೆಡಿಕಲ್ ಕಾಲೇಜುಗಳು ಆಗಾಗ ಶಿಬಿರ ನಡೆಸುತ್ತವೆ.

ಆದರೆ ತಪಾಸಣೆಯಿಂದ ಯಾವ ಮಗುವಿನ ಕಿವಿಯೂ ವಾಸಿಯಾಗುವುದಿಲ್ಲ. ಈ ಮಗುವನ್ನು ಇಎನ್‌ಟಿ ಡಾಕ್ಟರಿಗೆ ತೋರಿಸಿ ಎಂದು ಬರೆದ ಚೀಟಿ ಸ್ಕೂಲ್ ಬ್ಯಾಗಿನ ತಳದಲ್ಲಿ ಉಳಿದುಬಿಟ್ಟರೆ ಶಿಬಿರ ನಡೆದದ್ದೂ ಒಂದೇ, ನಡೆಯದಿದ್ದದ್ದೂ ಒಂದೇ. ಈ ಲೇಖನದಲ್ಲಿ ತಪಾಸಣೆ ಹೇಗಿರಬೇಕು ಎಂಬುದೂ ಇದೆ; ಆದರೆ ಹೆಚ್ಚಿನ ಮಾತು ಚೀಟಿ ಕೈಗೆ ಬಂದ ಮೇಲಿನ ಕೆಲಸದ್ದು.

ಭಾಷೆ ಬರೋಲ್ಲವೋ, ಕಿವಿ ಕೇಳಿಸೋಲ್ಲವೋ?

ಕನಕಪುರ ರಸ್ತೆಯ ಬದಿಯ ಜರಗನಹಳ್ಳಿ ಈಗ ಹೆಸರಿಗಷ್ಟೇ ಹಳ್ಳಿ. ಒಂದು ಮಗ್ಗುಲಿಗೆ ಸಾರಕ್ಕಿ ಕೆರೆ, ಪಕ್ಕದಲ್ಲೇ ಜೆ.ಪಿ. ನಗರ, ರಸ್ತೆಯ ನೆತ್ತಿಯ ಮೇಲೆ ಮೆಟ್ರೊ. ದಕ್ಷಿಣ ಬೆಂಗಳೂರಿನ ಇಂಥ ಹಳೇ ಊರುಗಳ ಒಳಗಲ್ಲಿಗಳಲ್ಲಿ ಬಾಡಿಗೆ ಸ್ವಲ್ಪ ಕಡಿಮೆ. ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದವರು, ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಗೆಲಸದವರು, ಆಟೊ ಓಡಿಸುವವರು ಇಲ್ಲಿ ನೆಲೆಸುತ್ತಾರೆ. ಇಂಥ ಕಡೆಯ ಸರ್ಕಾರಿ ಶಾಲೆಯ ಒಂದೇ ತರಗತಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನ ಮಕ್ಕಳು ಕೂತಿರುತ್ತಾರೆ.

ಕಿವಿಯ ತೊಂದರೆ ಅಡಗಿಕೊಳ್ಳಲು ಇಷ್ಟು ಸಾಕು. ಹೊಸದಾಗಿ ಸೇರಿದ ಹುಡುಗ ಕರೆದರೆ ಓಗೊಡುವುದಿಲ್ಲ, ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಪಕ್ಕದವನ ಪುಸ್ತಕ ನೋಡಿ ಬರೆಯುತ್ತಾನೆ. ಅವನಿಗೆ ಇನ್ನೂ ಕನ್ನಡ ಬರೋಲ್ಲ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಇರಬಹುದು. ಆದರೆ ಭಾಷೆ ಬಾರದ ಮಗು ಒಂದೇ ವರ್ಷದಲ್ಲಿ ಆಟದ ಬಯಲಿನಲ್ಲೇ ಬೇಕಾದಷ್ಟು ಕನ್ನಡ ಕಲಿತುಬಿಡುತ್ತದೆ. ವರ್ಷ ಕಳೆದರೂ ಕಲಿಯದಿದ್ದರೆ, ಮನೆಮಾತಿನಲ್ಲೂ ಉಚ್ಚಾರ ತೊದಲುತ್ತಿದ್ದರೆ ಮೊದಲು ಕಿವಿ ನೋಡಿಸಬೇಕು. ಶಿಕ್ಷಕರು ತಾಯಿಯನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: "ಮನೇಲಿ ನಿಮ್ಮ ಭಾಷೇಲಿ ಕೂಗಿದ್ರೆ ಒಂದೇ ಸಲಕ್ಕೆ ತಿರುಗ್ತಾನಾ?"

ಪೂರ್ತಿ ಕಿವುಡು ಬೇಗ ಗೊತ್ತಾಗುತ್ತದೆ. ಅರ್ಧಂಬರ್ಧ ಕೇಳಿಸುವುದು, ಒಂದೇ ಕಿವಿ ಕೇಳಿಸುವುದು, ನೆಗಡಿ ಬಂದಾಗಲೆಲ್ಲ ಮಂದವಾಗುವುದು ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಸ್ವರಗಳು ಗಟ್ಟಿಯಾದ ಸದ್ದು; ಕ, ತ, ಪ, ಸ, ಶ ಮೆಲ್ಲಗಿನ ಸದ್ದು. ಸ್ವಲ್ಪ ಮಂದವಾದ ಕಿವಿಗೆ ಮಾತು ಬಂದದ್ದು ತಿಳಿಯುತ್ತದೆ, ಕಟ್ಟು ಎಂದರೋ ತಟ್ಟು ಎಂದರೋ ತಿಳಿಯುವುದಿಲ್ಲ. ಇದು ಮೊದಲು ಕಾಣಿಸಿಕೊಳ್ಳುವುದು ಉಕ್ತಲೇಖನದಲ್ಲಿ. ನೋಡಿ ಬರೆಯುವಾಗ ತಪ್ಪು ಮಾಡದ ಮಗು ಕೇಳಿ ಬರೆಯುವಾಗ ಸಾಲುಸಾಲು ತಪ್ಪು ಮಾಡಿದರೆ ಅದನ್ನು ಸೋಮಾರಿತನ ಎನ್ನುವ ಮುನ್ನ ಒಮ್ಮೆ ಕಿವಿ ನೋಡಿಸಿ.

ಅನುಮಾನ ಹುಟ್ಟಿಸಬೇಕಾದ ಲಕ್ಷಣಗಳು

- ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಎದುರಿಗೆ ನಿಂತು ಹೇಳಿದರೆ ತಿಳಿಯುತ್ತದೆ.
- ಮಾತಾಡುವವರ ಬಾಯಿಯನ್ನೇ ನೋಡುತ್ತದೆ. ತಲೆಯನ್ನು ಒಂದೇ ಬದಿಗೆ ವಾಲಿಸಿ ಕೇಳುತ್ತದೆ.
- ಹಾಂ? ಏನು? ಎಂದು ಪದೇಪದೇ ಕೇಳುತ್ತದೆ, ಅಥವಾ ಕೇಳುವುದನ್ನೇ ಬಿಟ್ಟು ಸುಮ್ಮನಾಗಿದೆ.
- ಟಿವಿಯ ಸದ್ದು ಜಾಸ್ತಿ ಮಾಡುತ್ತದೆ. ಮೊಬೈಲನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುತ್ತದೆ.
- ಪ್ರಶ್ನೆಗೆ ಸಂಬಂಧವೇ ಇಲ್ಲದ ಉತ್ತರ ಕೊಡುತ್ತದೆ.
- ಕಿವಿ ಸೋರುತ್ತದೆ, ದಿಂಬಿನ ಮೇಲೆ ಕಲೆ ಕಾಣುತ್ತದೆ, ಹತ್ತಿರ ಹೋದರೆ ವಾಸನೆ ಬರುತ್ತದೆ.
- ಸದಾ ನೆಗಡಿ. ಬಾಯಿ ತೆರೆದು ಉಸಿರಾಡುತ್ತದೆ, ನಿದ್ದೆಯಲ್ಲಿ ಗೊರಕೆ ಹೊಡೆಯುತ್ತದೆ.
- ಮಾತು ತಡವಾಗಿ ಬಂದಿದೆ, ಅಥವಾ ವಯಸ್ಸಿಗೆ ತಕ್ಕಷ್ಟು ಸ್ಪಷ್ಟವಾಗಿಲ್ಲ.

ಇವುಗಳಲ್ಲಿ ಒಂದು ಇದ್ದರೂ ಶಿಬಿರ ಬರಲಿ ಎಂದು ಕಾಯಬೇಡಿ. ಹುಟ್ಟಿದಾಗ ತೂಕ ತೀರಾ ಕಡಿಮೆ ಇದ್ದ, ತೀವ್ರ ಕಾಮಾಲೆಯಾಗಿದ್ದ, ಐಸಿಯುನಲ್ಲಿದ್ದ, ಮೆದುಳು ಜ್ವರ ಬಂದು ಹೋದ ಮಕ್ಕಳಿಗೆ, ಹತ್ತಿರದ ಸಂಬಂಧದಲ್ಲಿ ಹುಟ್ಟುಕಿವುಡು ಇರುವ ಮನೆಯ ಮಕ್ಕಳಿಗೆ ಲಕ್ಷಣವೇ ಇಲ್ಲದಿದ್ದರೂ ಒಮ್ಮೆ ಪೂರ್ಣ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಸೋದರಮಾವ, ಅತ್ತೆಮಗ ಎಂದು ಒಳಸಂಬಂಧದ ಮದುವೆ ತಲೆಮಾರುಗಳಿಂದ ನಡೆದುಬಂದ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ.

ಕಿವಿ ಏಕೆ ಸೋರುತ್ತದೆ?

ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಒಂದು ಸಣ್ಣ ನಾಳವಿದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಮಟ್ಟಸ. ಆದ್ದರಿಂದ ಮೂಗಿನ ಸೋಂಕು ಮಕ್ಕಳ ಕಿವಿಗೆ ಸುಲಭವಾಗಿ ದಾಟುತ್ತದೆ. ಒಳಗೆ ಕೀವು ತುಂಬಿ ಕಿವಿತಮಟೆಯನ್ನು ಒತ್ತಿದಾಗ ಮಗು ರಾತ್ರಿಯಿಡೀ ಅಳುತ್ತದೆ. ತಮಟೆ ತೂತಾಗಿ ಕೀವು ಹೊರಬಂದ ಕೂಡಲೇ ನೋವು ನಿಲ್ಲುತ್ತದೆ. ನೋವು ನಿಂತಿತಲ್ಲ, ವಾಸಿಯಾಯಿತು ಎಂದು ಮನೆಯವರು ಸುಮ್ಮನಾಗುವುದೇ ಅಲ್ಲಿ. ತೂತು ಮುಚ್ಚದೆ, ಸೋರುವುದು ವಾರಗಟ್ಟಲೆ ಮುಂದುವರಿದರೆ ಅದು ಹಳೇ ಸೋರುಗಿವಿ. ತಮಟೆಯಲ್ಲಿ ತೂತಿದ್ದಷ್ಟು ಕಾಲ ಕೇಳಿಸುವುದೂ ಕಡಿಮೆ.

ಸೋರದೆಯೂ ಕಿವಿ ಮಂದವಾಗಬಹುದು. ನೆಗಡಿಯ ನಂತರ ತಮಟೆಯ ಹಿಂದೆ ಅಂಟಿನಂಥ ದ್ರವ ನಿಂತುಬಿಡುತ್ತದೆ. ನೋವಿಲ್ಲ, ಜ್ವರವಿಲ್ಲ, ಹೊರಗೆ ಏನೂ ಕಾಣದು. ಹೆಚ್ಚಿನ ಮಕ್ಕಳಲ್ಲಿ ಅದು ಕೆಲವು ವಾರಗಳಲ್ಲಿ ತಾನೇ ಇಂಗುತ್ತದೆ. ಮೂರು ತಿಂಗಳಾದರೂ ಇಂಗದಿದ್ದರೆ ಇಎನ್‌ಟಿ ಡಾಕ್ಟರು ಮುಂದಿನ ಚಿಕಿತ್ಸೆ ಯೋಚಿಸುತ್ತಾರೆ.

ಚಿಕ್ಕ ಮನೆಯಲ್ಲಿ ಹೆಚ್ಚು ಜನ, ಗಾಳಿಯಾಡದ ಕೋಣೆ, ಸೌದೆ ಒಲೆ ಅಥವಾ ಬೀಡಿಯ ಹೊಗೆ, ಪೌಷ್ಟಿಕತೆಯ ಕೊರತೆ, ಬಿಡದ ನೆಗಡಿ ಇವೆಲ್ಲ ಸೋರುಗಿವಿಗೆ ದಾರಿ. ಬಡವರ ಮಕ್ಕಳಲ್ಲಿ ಇದು ಹೆಚ್ಚಾಗಿರುವುದಕ್ಕೆ ಕಾರಣ ಇದೇ. ಮಕ್ಕಳ ಶ್ರವಣದೋಷದಲ್ಲಿ ಸುಮಾರು ಶೇ 60ರಷ್ಟು ತಡೆಯಬಹುದಾದ ಕಾರಣಗಳಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋರುಗಿವಿ ಅವುಗಳಲ್ಲಿ ಮುಖ್ಯವಾದದ್ದು.

ಸರಿಯಾದ ತಪಾಸಣೆ ಹೇಗಿರುತ್ತದೆ?

ಹೆಸರು ಕರೆದು ಹಾಜರಿ ಹಾಕಿದ ಹಾಗೆ ಕೇಳಿಸುತ್ತಾ ಎಂದು ವಿಚಾರಿಸಿ ಮುಂದಕ್ಕೆ ಕಳಿಸಿದರೆ ಅದು ಶ್ರವಣ ತಪಾಸಣೆ ಆಗುವುದಿಲ್ಲ. ಅದರಲ್ಲಿ ಎರಡು ಭಾಗ ಇರಬೇಕು.

ಮೊದಲನೆಯದು ಕಿವಿಯೊಳಗೆ ನೋಡುವುದು. ಬೆಳಕಿರುವ ಆಟೊಸ್ಕೋಪ್ ಎಂಬ ಉಪಕರಣದಿಂದ ಗುಗ್ಗೆ ಕಟ್ಟಿದೆಯೇ, ಕೀವಿದೆಯೇ, ತಮಟೆ ತೂತಾಗಿದೆಯೇ, ಹುಣಸೆಬೀಜ ಬಳಪದ ಚೂರು ಸಿಕ್ಕಿಕೊಂಡಿದೆಯೇ ಎಂದು ನೋಡುತ್ತಾರೆ.

ಎರಡನೆಯದು ಸದ್ದಿನ ಪರೀಕ್ಷೆ. ಮಗುವಿಗೆ ಹೆಡ್‌ಫೋನ್ ಹಾಕುತ್ತಾರೆ: ಕೆಂಪು ಬಲಗಿವಿಗೆ, ನೀಲಿ ಎಡಗಿವಿಗೆ. ಆಡಿಯೋಮೀಟರಿನಿಂದ 1000, 2000, 4000 ಹರ್ಟ್ಸ್‌ನ ಮೂರು ಬಗೆಯ ಸ್ವರಗಳನ್ನು ಒಂದೊಂದು ಕಿವಿಗೆ ಬೇರೆಬೇರೆಯಾಗಿ 20 ಡೆಸಿಬಲ್ ಮಟ್ಟದಲ್ಲಿ ಕೇಳಿಸುತ್ತಾರೆ. ಸದ್ದನ್ನು ಪೂರ್ತಿ ತಡೆಯಲಾಗದ ಶಾಲೆಯಲ್ಲಿ 25 ಡೆಸಿಬಲ್ ಇಡುವುದೂ ಉಂಟು. ಸದ್ದು ಕೇಳಿದಾಗಲೆಲ್ಲ ಮಗು ಕೈ ಎತ್ತಬೇಕು. ಚಿಕ್ಕವರಾದರೆ ಡಬ್ಬಿಗೆ ಒಂದು ಹುಣಸೆಬೀಜ ಹಾಕು ಎಂದರೆ ಆಟದಂತೆ ಮಾಡುತ್ತಾರೆ. ಯಾವುದೇ ಕಿವಿಯಲ್ಲಿ ಒಂದು ಸ್ವರಕ್ಕಾದರೂ ಉತ್ತರ ಬಾರದಿದ್ದರೆ ಮತ್ತೆ ವಿವರಿಸಿ ಇನ್ನೊಮ್ಮೆ ನೋಡಬೇಕು. ಆಗಲೂ ಬಾರದಿದ್ದರೆ ಮಗುವನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು.

ಶಿಬಿರ ನಡೆಸುವವರು ಬರುವ ಮುನ್ನ ಶಾಲೆಯವರು ಸಿದ್ಧ ಮಾಡಿಕೊಳ್ಳಬೇಕಾದದ್ದು ಇಷ್ಟು:

*ಕೋಣೆ.* ರಸ್ತೆ, ಆಟದ ಬಯಲು, ಬಿಸಿಯೂಟದ ಅಡುಗೆಮನೆ ಈ ಮೂರರಿಂದಲೂ ದೂರದ ಕೋಣೆ ಬೇಕು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ನೆಲಕ್ಕೆ ಜಮಖಾನ ಹಾಸಿ. ಪಕ್ಕದ ತರಗತಿಗೆ ಆ ಹೊತ್ತು ಬರೆಯುವ ಕೆಲಸ ಕೊಡಿ. ಕೋಣೆಯ ಸದ್ದು 40 ಡೆಸಿಬಲ್ ದಾಟಬಾರದು. ಮುಖ್ಯರಸ್ತೆಯ ಬದಿಯ ಶಾಲೆಗೆ ಇದು ಸುಲಭವಲ್ಲ. ಶನಿವಾರ ಬೆಳಗಿನ ಹೊತ್ತು ಅಥವಾ ಹತ್ತಿರದ ಸಮುದಾಯ ಭವನದ ಒಳಕೋಣೆ ಸಿಕ್ಕೀತೇ ನೋಡಬಹುದು.

*ಸಮಯ.* ಒಂದು ಮಗುವಿಗೆ ಐದು ನಿಮಿಷವೆಂದರೂ 40 ಮಕ್ಕಳ ತರಗತಿಗೆ 200 ನಿಮಿಷ, ಅಂದರೆ ಮೂರು ಗಂಟೆಗೂ ಮಿಕ್ಕು. ಒಂದೇ ದಿನದಲ್ಲಿ ಇಡೀ ಶಾಲೆ ಮುಗಿಸುತ್ತೇವೆ ಎಂದು ಬರುವವರಿಗೆ ಎಷ್ಟು ಆಡಿಯೋಮೀಟರ್, ಎಷ್ಟು ಜನ ಎಂದು ಮೊದಲೇ ಕೇಳಿ. ಮೊದಲು ಒಂದನೇ ತರಗತಿ, ಹೊಸದಾಗಿ ಸೇರಿದವರು, ಶಿಕ್ಷಕರಿಗೆ ಅನುಮಾನವಿರುವ ಮಕ್ಕಳು. ಉಳಿದವರು ಆಮೇಲೆ.

*ಒಪ್ಪಿಗೆ.* ಹೆತ್ತವರ ಸಹಿ ಅಥವಾ ಹೆಬ್ಬೆಟ್ಟು, ಅದರ ಜೊತೆಗೆ ಸದಾ ಸಿಗುವ ಒಂದು ಫೋನ್ ನಂಬರು ಬೇಕು. ಮುಂದಿನ ಕೆಲಸಕ್ಕೆಲ್ಲ ಈ ನಂಬರೇ ಆಧಾರ.

*ಭಾಷೆ.* ಏನು ಮಾಡಬೇಕು ಎಂಬುದನ್ನು ಮಗುವಿಗೆ ಮನೆಮಾತಿನಲ್ಲಿ ಹೇಳಬಲ್ಲ ಯಾರಾದರೂ ಇರಲಿ. ದೊಡ್ಡ ತರಗತಿಯ ಮಕ್ಕಳೇ ಈ ಕೆಲಸ ಚೆನ್ನಾಗಿ ಮಾಡುತ್ತಾರೆ.

ಯಂತ್ರವೇ ಇಲ್ಲದ ಕಡೆ ಶಿಕ್ಷಕರು ಪಿಸುಮಾತಿನ ಪರೀಕ್ಷೆ ಮಾಡಬಹುದು. ಮಗುವಿನ ಹಿಂದೆ ಒಂದು ತೋಳಳತೆಯಲ್ಲಿ ನಿಂತು, ಒಂದು ಕಿವಿಯ ಬಾಯಿಯನ್ನು ಬೆರಳಿನಿಂದ ಮೆತ್ತಗೆ ಮುಚ್ಚಿ ಉಜ್ಜುತ್ತಾ, ಉಸಿರು ಬಿಟ್ಟ ಮೇಲೆ ಅಂಕೆ ಅಕ್ಷರ ಬೆರೆಸಿ ಮೂರನ್ನು ಪಿಸುಗುಟ್ಟಿ: ಎರಡು, ಕ, ಏಳು. ಮಗು ತಿರುಗಿ ಹೇಳಬೇಕು. ತಪ್ಪಿದರೆ ಬೇರೆ ಮೂರು. ಆರರಲ್ಲಿ ಮೂರನ್ನೂ ಸರಿಯಾಗಿ ಹೇಳದಿದ್ದರೆ ತೆರೆದಿದ್ದ ಕಿವಿಯನ್ನು ಪರೀಕ್ಷೆಗೆ ಕಳಿಸಿ. ಇದು ಅನುಮಾನ ಗಟ್ಟಿ ಮಾಡಿಕೊಳ್ಳಲು ಮಾತ್ರ. ಇದರಲ್ಲಿ ಪಾಸಾದ ಮಾತ್ರಕ್ಕೆ ಕಿವಿ ಸರಿಯಿದೆ ಎಂದು ಬರೆದುಕೊಡಬಾರದು.

ಚೀಟಿ ಕೈಗೆ ಬಂದ ಮೇಲೆ

ಚೀಟಿ ಬಂದ ಮಕ್ಕಳಲ್ಲಿ ಮೂರು ಗುಂಪು. ಗುಗ್ಗೆ ಕಟ್ಟಿದವರು, ಸೋರುವವರು, ಒಳಗೆ ಏನೂ ಕಾಣದಿದ್ದರೂ ಕೇಳಿಸದವರು. ಮೂವರ ದಾರಿಯೂ ಬೇರೆ.

ಗುಗ್ಗೆ ಕಟ್ಟಿದ ಮಗುವಿಗೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’ನಿಂದ ಶುರು ಮಾಡಬಹುದು. ಮೆತ್ತಗಾಗಲು ಡ್ರಾಪ್ಸ್ ಕೊಡುತ್ತಾರೆ. ಆಗದಿದ್ದರೆ ಇಎನ್‌ಟಿಗೆ ಕಳಿಸುತ್ತಾರೆ. ಗುಗ್ಗೆ ತೆಗೆದ ಮೇಲೆ ಸದ್ದಿನ ಪರೀಕ್ಷೆ ಮತ್ತೊಮ್ಮೆ ಆಗಲೇಬೇಕು, ಏಕೆಂದರೆ ಗುಗ್ಗೆಯ ಹಿಂದೆ ಬೇರೆ ತೊಂದರೆಯೂ ಇರಬಹುದು.

ಸೋರುವ ಕಿವಿಯನ್ನು ಇಎನ್‌ಟಿ ಡಾಕ್ಟರೇ ನೋಡಬೇಕು. ಕಿವಿಯನ್ನು ಶುಚಿ ಮಾಡಿ, ಆಂಟಿಬಯೊಟಿಕ್ ಡ್ರಾಪ್ಸ್ ಕೊಟ್ಟು ಒಣಗಿಸುವುದು ಮೊದಲ ಹಂತ. ತೂತು ಮುಚ್ಚದಿದ್ದರೆ ಮುಂದೆ ತಮಟೆಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ ಇದೆ. ಸೋರುವುದು ಸ್ವಲ್ಪವೇ ಆದರೂ ಕೆಟ್ಟ ವಾಸನೆ ಇದ್ದರೆ ಒಳಗೆ ಮೂಳೆ ತಿನ್ನುವ ಬಗೆಯ ರೋಗವಿರಬಹುದು. ಅಂಥ ಮಗುವಿಗೆ ತಡ ಮಾಡುವಂತಿಲ್ಲ.

ಮೂರನೆಯ ಗುಂಪಿನ ಮಗುವಿಗೆ ಆಡಿಯಾಲಜಿಸ್ಟ್ ಹತ್ತಿರ ಪೂರ್ಣ ಶ್ರವಣ ಪರೀಕ್ಷೆ (ಆಡಿಯೋಗ್ರಾಂ) ಆಗಬೇಕು. ನರಕ್ಕೆ ಸಂಬಂಧಿಸಿದ ಶ್ರವಣದೋಷವಾದರೆ ಔಷಧಿಯಿಂದ ಮರಳಿ ಬರುವುದು ಅಪರೂಪ. ಕಿವಿ ಮಷೀನು, ಮಾತಿನ ತರಬೇತಿ, ತರಗತಿಯ ನೆರವು ಇವೇ ದಾರಿ.

ಜರಗನಹಳ್ಳಿಯವರಿಗೆ ಒಂದು ಅನುಕೂಲವಿದೆ. ಬೇಕಾದ ದೊಡ್ಡ ಆಸ್ಪತ್ರೆಗಳಲ್ಲಿ ಕೆಲವು ಮೆಟ್ರೊದ ಹಸಿರು ಮಾರ್ಗದಲ್ಲೇ ಸಿಗುತ್ತವೆ. ಜೆ.ಪಿ. ನಗರ ನಿಲ್ದಾಣದಲ್ಲಿ ಹತ್ತಿದರೆ ಜಯನಗರದಲ್ಲಿಳಿದು ಜಯನಗರ ಜನರಲ್ ಆಸ್ಪತ್ರೆಗೆ ಹೋಗಬಹುದು. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ವಿ.ವಿ. ಪುರದ ಕಿಮ್ಸ್ ಆಸ್ಪತ್ರೆ ಹತ್ತಿರ. ಕೆ.ಆರ್. ಮಾರುಕಟ್ಟೆಯಲ್ಲಿಳಿದರೆ ವಿಕ್ಟೋರಿಯಾ ಆಸ್ಪತ್ರೆ. ಮಾತು, ಭಾಷೆ ಎರಡೂ ಹಿಂದುಳಿದ ಮಗುವಿಗೆ ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆ ಮೀಸಲು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಆಯಿಷ್) 1965ರಿಂದ ಈ ಕ್ಷೇತ್ರದಲ್ಲಿದೆ. ಊರಿಗೆ ಮೈಸೂರಿನ ಮೇಲೆ ಹೋಗಿಬರುವವರು ಅಲ್ಲಿಯೂ ತೋರಿಸಬಹುದು. ಯಾವ ದಿನ ಯಾವ ಒಪಿಡಿ ಎಂಬುದನ್ನು ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಸರ್ಕಾರದ 104 ಆರೋಗ್ಯ ಸಹಾಯವಾಣಿಗೂ ಕರೆ ಮಾಡಬಹುದು.

ದಾರಿ ಹತ್ತಿರವಿದ್ದರೂ ಹೋಗುವುದು ಏಕೆ ತಪ್ಪುತ್ತದೆ? ಒಪಿಡಿ ಬೆಳಗಿನ ಹೊತ್ತು. ಅಪ್ಪನೋ ಅಮ್ಮನೋ ಜೊತೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಇವತ್ತು ಡಾಕ್ಟರು, ಇನ್ನೊಂದು ದಿನ ಆಡಿಯೋಗ್ರಾಂ, ಮತ್ತೊಂದು ದಿನ ರಿಪೋರ್ಟು ಎಂದರೆ ಮೂರು ಕೂಲಿ. ನೋವಿಲ್ಲದ ಕಾಯಿಲೆಗೆ ಅಷ್ಟು ಕಳೆದುಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಇದನ್ನು ಹೆತ್ತವರ ನಿರ್ಲಕ್ಷ್ಯ ಎಂದು ಬೈದು ಪ್ರಯೋಜನವಿಲ್ಲ. ಶಾಲೆ ಮಾಡಬಹುದಾದ ಕೆಲಸಗಳಿವೆ:

- ಚೀಟಿ ಬಂದ ಐದಾರು ಮಕ್ಕಳಿಗೆ ಒಂದೇ ದಿನ ಗೊತ್ತು ಮಾಡಿ, ಆಶಾ ಕಾರ್ಯಕರ್ತೆ ಅಥವಾ ಎಸ್‌ಡಿಎಂಸಿ ಸದಸ್ಯರೊಬ್ಬರ ಜೊತೆ ಕಳಿಸುವುದು. ಬರಲಾಗದ ಹೆತ್ತವರ ಲಿಖಿತ ಒಪ್ಪಿಗೆ ಇರಲಿ.
- ಪರೀಕ್ಷೆ, ಡಾಕ್ಟರು ಎರಡೂ ಒಂದೇ ದಿನ ಆಗುವಂತೆ ಆಸ್ಪತ್ರೆಗೆ ಮೊದಲೇ ಪತ್ರ ಬರೆಯುವುದು.
- ಶಿಬಿರ ನಡೆಸುವ ಸಂಸ್ಥೆಯನ್ನು ಯಂತ್ರದ ಬಗ್ಗೆ ಕೇಳುವ ಮೊದಲು, ಚೀಟಿ ಪಡೆದ ಮಕ್ಕಳನ್ನು ಆಸ್ಪತ್ರೆ ಮುಟ್ಟಿಸುವವರು ಯಾರು ಎಂದು ಕೇಳುವುದು. ಉತ್ತರವಿಲ್ಲದಿದ್ದರೆ ಶಿಬಿರದ ದಿನ ಮುಂದೂಡುವುದೇ ಲೇಸು.
- ಒಂದು ಕಿವಿ ರಿಜಿಸ್ಟರ್ ಇಡುವುದು. ಹೆಸರು, ತರಗತಿ, ಯಾವ ಕಿವಿ, ಏನು ಕಂಡಿತು, ಎಲ್ಲಿಗೆ ಕಳಿಸಿದ್ದು, ಹೋದ ದಿನ, ಡಾಕ್ಟರು ಹೇಳಿದ್ದು, ಮತ್ತೆ ತೋರಿಸುವ ದಿನ. ಇಷ್ಟು ಕಾಲಂ ಸಾಕು.

ವಲಸೆ ಬಂದವರ ಮಕ್ಕಳು ವರ್ಷದ ನಡುವೆ ಶಾಲೆ ಬಿಡುತ್ತಾರೆ. ಚೀಟಿಯನ್ನೂ ಆಡಿಯೋಗ್ರಾಂ ಹಾಳೆಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆದು ಹೆತ್ತವರಿಗೆ ಕಳಿಸಿ. ಟಿಸಿ ಕೊಡುವಾಗ ಕಿವಿಯ ವಿವರದ ಒಂದು ಹಾಳೆ ಜೊತೆಗಿರಲಿ. ಹೊಸ ಊರಿನಲ್ಲಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡುವುದು ಇದರಿಂದ ತಪ್ಪುತ್ತದೆ.

ಮನೆಯಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಆರೋಗ್ಯವಾಗಿರುವ ಕಿವಿಗೆ ಶುಚಿ ಮಾಡುವ ಕೆಲಸವೇ ಬೇಕಿಲ್ಲ. ಗುಗ್ಗೆ ಕಿವಿಯ ಕಾವಲಿಗೆ ಇರುವಂಥದ್ದು. ಒಣಗಿ ತಾನೇ ಹೊರಬರುತ್ತದೆ. ಸ್ನಾನವಾದ ಮೇಲೆ ಹೊರಗಿವಿಯನ್ನು ಟವೆಲಿನಿಂದ ಒರೆಸಿದರೆ ಮುಗಿಯಿತು. ಹೇರ್‌ಪಿನ್, ಬೆಂಕಿಕಡ್ಡಿ, ಪೆನ್ನಿನ ಕ್ಯಾಪು, ಕೋಳಿಪುಕ್ಕ, ಇಯರ್ ಬಡ್ ಇವೆಲ್ಲ ಗುಗ್ಗೆಯನ್ನು ಇನ್ನೂ ಒಳಕ್ಕೆ ತಳ್ಳುತ್ತವೆ, ತಮಟೆಗೂ ಅಪಾಯ. ಸಂತೆ, ಬಸ್ ನಿಲ್ದಾಣದ ಬಳಿ ಕಿವಿ ಕ್ಲೀನ್ ಮಾಡುತ್ತೇವೆ ಎನ್ನುವವರ ಕೈಗೆ ಮಗುವಿನ ಕಿವಿ ಕೊಡಬೇಡಿ.

ಕಿವಿನೋವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು ಅಜ್ಜಿಯರ ಕಾಲದ ರೂಢಿ. ತಮಟೆ ತೂತಾಗಿದ್ದರೆ ಆ ಎಣ್ಣೆ ನೇರ ಮಧ್ಯಕಿವಿಗೆ ಇಳಿಯುತ್ತದೆ. ಎಣ್ಣೆ ಬಿಸಿಯಾಗಿದ್ದರೆ ಸುಡುತ್ತದೆ. ತೂತಿದೆಯೋ ಇಲ್ಲವೋ ಮನೆಯಲ್ಲಿ ಯಾರಿಗೂ ಕಾಣದು, ಆದ್ದರಿಂದ ಎಣ್ಣೆಯನ್ನೂ ಎದೆಹಾಲನ್ನೂ ಸೊಪ್ಪಿನ ರಸವನ್ನೂ ಬಿಡದಿರುವುದೇ ಕ್ಷೇಮ. ನೋವಿಗೆ ಮಗುವಿನ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಟ್ಟು ಡಾಕ್ಟರಿಗೆ ತೋರಿಸಿ.

ಸೋರುವ ಕಿವಿಗೆ ಮನೆಯಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ ಒಣಗಿಸುವುದು. ಒಗೆದು ಒಣಗಿಸಿದ ಹತ್ತಿಬಟ್ಟೆಯ ತುಂಡನ್ನು ಬತ್ತಿಯಂತೆ ಹೊಸೆದು, ಕೈ ತೊಳೆದುಕೊಂಡು, ಮೆತ್ತಗೆ ಕಿವಿಯ ಬಾಯಿಗೆ ಇಡಿ. ಒದ್ದೆಯಾದ ಮೇಲೆ ತೆಗೆದು ಬೇರೆ ಬತ್ತಿ ಇಡಿ. ಬತ್ತಿ ಒಣಗಿ ಬರುವವರೆಗೂ ಹೀಗೆ ಮಾಡಿ. ದಿನಕ್ಕೆ ಮೂರು ಸಲ. ಡಾಕ್ಟರು ಕೊಟ್ಟ ಡ್ರಾಪ್ಸ್ ಹಾಕುವುದಾದರೆ ಒಣಗಿಸಿದ ಮೇಲೆ ಹಾಕಿ. ಬತ್ತಿಯನ್ನು ಒಳಗೇ ಬಿಟ್ಟು ಮಲಗಿಸಬೇಡಿ. ತಲೆಗೆ ನೀರು ಹಾಕುವಾಗ ವ್ಯಾಸಲಿನ್ ಹಚ್ಚಿದ ಹತ್ತಿಯನ್ನು ಕಿವಿಯ ಬಾಯಿಗಿಟ್ಟು ಆಮೇಲೆ ತೆಗೆಯಿರಿ. ಕೆರೆ, ಈಜುಕೊಳದಲ್ಲಿ ಈಜುವುದು ವಾಸಿಯಾಗುವವರೆಗೆ ಬೇಡ. ಎರಡು ದಿನಕ್ಕೆ ಸೋರುವುದು ನಿಂತರೂ ಡಾಕ್ಟರು ಹೇಳಿದಷ್ಟು ದಿನ ಡ್ರಾಪ್ಸ್ ಹಾಕಿ.

ಕಿವಿಗೆ ಜೀವಂತ ಹುಳು ಹೊಕ್ಕು ಒದ್ದಾಡುತ್ತಿದ್ದರೆ, ಕಿವಿ ಹಿಂದೆಂದೂ ಸೋರಿಲ್ಲವಾದರೆ ಮಾತ್ರ, ಬಿಸಿ ಮಾಡದ ಕೊಬ್ಬರಿ ಎಣ್ಣೆ ಎರಡು ಹನಿ ಬಿಟ್ಟು ಆಸ್ಪತ್ರೆಗೆ ಹೋಗಿ. ಕಾಳು, ಬೀಜ ಸಿಕ್ಕಿಕೊಂಡರೆ ನೀರು ಬಿಡಬೇಡಿ, ಊದಿಕೊಳ್ಳುತ್ತದೆ. ಆಟಿಕೆ ಅಥವಾ ವಾಚಿನ ಬಟನ್ ಸೆಲ್ ಸೇರಿಕೊಂಡರೆ ಅದು ಒಳಗೇ ಸುಡುತ್ತದೆ. ಆ ಗಳಿಗೆಯೇ ಹೊರಡಿ.

ತಡ ಮಾಡದೆ ಆಸ್ಪತ್ರೆಗೆ ಓಡಬೇಕಾದ ಇನ್ನೂ ಕೆಲವು ಲಕ್ಷಣಗಳಿವೆ: ಕಿವಿಯ ಹಿಂದೆ ಊತ, ಮುಖ ಒಂದು ಬದಿಗೆ ಸೊಟ್ಟಗಾಗುವುದು, ತಲೆಸುತ್ತಿ ಬೀಳುವುದು, ಕಿವಿ ಸೋರುವ ಮಗುವಿಗೆ ಜ್ವರದೊಂದಿಗೆ ತೀವ್ರ ತಲೆನೋವು ವಾಂತಿ ಅಥವಾ ಕತ್ತು ಬಿಗಿಯುವುದು, ಇದ್ದಕ್ಕಿದ್ದಂತೆ ಕೇಳಿಸದಿರುವುದು.

ಕೊನೆಯದಾಗಿ ದೊಡ್ಡವರ ಕೈಯ ಮಾತು. ಕಪಾಳಕ್ಕೆ ಬಾರಿಸಿದ ಒಂದೇ ಏಟಿಗೆ ತಮಟೆ ಹರಿಯಬಹುದು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯಲ್ಲಿ ತಡೆಯಲು ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ.

ಮಷೀನು ಹಾಕಿದ ಮಗು ತರಗತಿಗೆ ಬಂದಾಗ

ಕಿವಿ ಮಷೀನು ಹಾಕಿದ ದಿನವೇ ಎಲ್ಲ ಸರಿಹೋಗುವುದಿಲ್ಲ. ಹೊಸ ಸದ್ದುಗಳಿಗೆ ಹೊಂದಿಕೊಳ್ಳಲು ವಾರಗಳು ಬೇಕು. ಮಗು ಬೆಳೆದಂತೆ ಕಿವಿಯೂ ಬೆಳೆಯುವುದರಿಂದ ಮಷೀನನ್ನು ಕಿವಿಗೆ ಕೂರಿಸುವ ಅಚ್ಚನ್ನು (ಮೌಲ್ಡ್) ಬದಲಿಸುತ್ತಿರಬೇಕು. ಮಷೀನು ಸಿಳ್ಳೆ ಹೊಡೆಯತೊಡಗಿದರೆ ಮೌಲ್ಡ್ ಸಡಿಲವಾಗಿದೆ ಎಂದು ತಿಳಿಯಿರಿ. ಸ್ನಾನಕ್ಕೆ, ನಿದ್ದೆಗೆ ಮುನ್ನ ತೆಗೆದಿಡಬೇಕು. ಸೆಲ್ ಮುಗಿದ ಮಷೀನು ಕಿವಿಗೆ ಇಟ್ಟ ಬಿರಡೆಯಷ್ಟೇ. ಆದ್ದರಿಂದ ಬೆಳಗ್ಗೆ ಮೊದಲ ಪೀರಿಯಡ್‌ನಲ್ಲಿ ಶಿಕ್ಷಕರೇ ಒಮ್ಮೆ ವಿಚಾರಿಸಿಕೊಳ್ಳಲಿ.

ಖರ್ಚಿನ ವಿಷಯದಲ್ಲಿ ನೆರವಿದೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ಮಿತಿಯೊಳಗಿನ ಕುಟುಂಬಗಳಿಗೆ ಶ್ರವಣ ಸಾಧನ ಸಿಗುತ್ತದೆ. ರಾಜ್ಯದ ಶ್ರವಣ ಸಂಜೀವಿನಿ ಕಾರ್ಯಕ್ರಮ 6 ವರ್ಷದೊಳಗಿನ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ನೆರವಾಗುತ್ತದೆ. ಮಾತು ಕಲಿಯುವ ವಯಸ್ಸು ದಾಟಿದ ಮೇಲೆ ಇಂಪ್ಲಾಂಟ್‌ನ ಪ್ರಯೋಜನ ಇಳಿಯುತ್ತಾ ಹೋಗುವುದರಿಂದ ಅಂಗನವಾಡಿಯ ತಪಾಸಣೆಗೆ ಶಾಲೆಯದಕ್ಕಿಂತ ಹೆಚ್ಚಿನ ತುರ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದ ಶ್ರವಣ, 70 ಡೆಸಿಬಲ್ ನಷ್ಟವಿದ್ದರೆ ಕಿವುಡುತನ. ವಿಕಲಚೇತನರ ಗುರುತಿನ ಕಾರ್ಡಿಗೆ (ಯುಡಿಐಡಿ) ನಗರ ಪುನರ್ವಸತಿ ಕಾರ್ಯಕರ್ತರು, ಶಾಲೆಯ ನೆರವಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಸಹಾಯ ಮಾಡುತ್ತಾರೆ.

ತರಗತಿಯಲ್ಲಿ ದುಡ್ಡು ಬೇಡದ ಬದಲಾವಣೆಗಳೂ ಇವೆ. ಮಗುವನ್ನು ಮೊದಲ ಎರಡು ಸಾಲಿನಲ್ಲಿ, ಚೆನ್ನಾಗಿ ಕೇಳಿಸುವ ಕಿವಿ ಶಿಕ್ಷಕರ ಕಡೆಗಿರುವಂತೆ, ರಸ್ತೆ ಬದಿಯ ಕಿಟಕಿಯಿಂದ ದೂರ ಕೂರಿಸಿ. ಬೋರ್ಡಿಗೆ ಮುಖ ಮಾಡಿ ಬರೆಯುತ್ತಾ ಪಾಠ ಹೇಳಬೇಡಿ. ಬರೆದು, ತಿರುಗಿ, ಮಾತಾಡಿ. ಕಿರುಚಬೇಡಿ, ಕಿರುಚಿದರೆ ಮಾತು ಒಡೆಯುತ್ತದೆ. ಹೋಂವರ್ಕನ್ನು ಬಾಯಲ್ಲಿ ಹೇಳಿ ಬಿಡದೆ ಬೋರ್ಡಿನ ಮೇಲೂ ಬರೆಯಿರಿ. ತಿಳಿಯಿತಾ ಎಂದು ಕೇಳಿದರೆ ಎಲ್ಲ ಮಕ್ಕಳೂ ಹೂಂ ಎನ್ನುತ್ತಾರೆ. ನಾನೇನು ಹೇಳಿದೆ ಹೇಳು ಎಂದು ಕೇಳಿ. ಕಿವುಡ ಎಂಬ ಅಡ್ಡಹೆಸರನ್ನು ಮೊದಲ ದಿನವೇ ನಿಲ್ಲಿಸಿ. ಎಷ್ಟೋ ಮಷೀನುಗಳು ಪೆಟ್ಟಿಗೆ ಸೇರುವುದು ಆ ಒಂದು ಪದದ ದೆಸೆಯಿಂದ.

ಮೊದಲೇ ತಡೆಯಬಹುದಾದದ್ದು

ದಡಾರ ರುಬೆಲ್ಲಾ ಲಸಿಕೆ ಕಿವಿಯ ಲಸಿಕೆಯೂ ಹೌದು. ಗರ್ಭಿಣಿಗೆ ರುಬೆಲ್ಲಾ ಬಂದರೆ ಮಗು ಕಿವುಡಾಗಿ ಹುಟ್ಟಬಹುದು. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಇದರ ಅಭಿಯಾನ ನಡೆದಿತ್ತು. ಈಗ 9ನೇ ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ಸರ್ಕಾರವೇ ಕೊಡುತ್ತದೆ. ಊರು ಬದಲಿಸಿದಾಗ ಎರಡನೆಯದು ತಪ್ಪಿಹೋಗುತ್ತದೆ, ತಾಯಿ ಕಾರ್ಡು ನೋಡಿ. ಮಲಗಿಸಿ ಬಾಟಲಿ ಹಾಲು ಕುಡಿಸದಿರುವುದು, ಮೂಗನ್ನು ಎರಡೂ ಹೊಳ್ಳೆ ಮುಚ್ಚಿ ಜೋರಾಗಿ ಸೀಟದಿರುವುದು, ಮನೆಯೊಳಗೆ ಬೀಡಿ ಸಿಗರೇಟು ಸೇದದಿರುವುದು ಕೂಡ ಕಿವಿಗೆ ಕಾವಲು.

ದೊಡ್ಡ ಮಕ್ಕಳಿಗೆ ಇಯರ್‌ಫೋನಿನ ಮಾತು ಹೇಳಲೇಬೇಕು. ಮಕ್ಕಳಿಗೆ 75 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಫೋನಿನಲ್ಲಿ ಡೆಸಿಬಲ್ ಕಾಣುವುದಿಲ್ಲವಾದ್ದರಿಂದ ಸುಲಭದ ಲೆಕ್ಕ: ಸದ್ದು ಅರ್ಧದ ಸುಮಾರಿಗಿರಲಿ, ಆಗಾಗ ಬಿಡುವಿರಲಿ. ಗಣೇಶನ ಮೆರವಣಿಗೆಯಲ್ಲಿ ಸ್ಪೀಕರ್ ಪೆಟ್ಟಿಗೆಯ ಎದುರು, ದೀಪಾವಳಿಯಲ್ಲಿ ಬಾಂಬ್ ಪಟಾಕಿಯ ಪಕ್ಕ ಮಕ್ಕಳನ್ನು ನಿಲ್ಲಿಸಬೇಡಿ. ಶಾಲೆಯ ಸುತ್ತ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್. ಫಲಕ ಇಲ್ಲದಿದ್ದರೆ ಹಾಕಿಸುವಂತೆ ಎಸ್‌ಡಿಎಂಸಿ ಪಾಲಿಕೆಗೂ ಸಂಚಾರ ಪೊಲೀಸರಿಗೂ ಪತ್ರ ಬರೆಯಬಹುದು.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ

ಮಾರ್ಚ್ 3 ವಿಶ್ವ ಶ್ರವಣ ದಿನ. ಆ ಸುಮಾರಿಗೆ ಶಿಬಿರಗಳು ನಡೆಯುತ್ತವೆ, ಫೋಟೊ ಬರುತ್ತವೆ, ಏಪ್ರಿಲ್‌ನಲ್ಲಿ ಶಾಲೆಗೆ ಬೇಸಿಗೆ ರಜೆ ಬರುತ್ತದೆ. ರಜೆಗೆ ಊರಿಗೆ ಹೋದ ಮಕ್ಕಳ ಜೊತೆ ಚೀಟಿಯೂ ಹೋಗುತ್ತದೆ. ತಪಾಸಣೆಗೆ ಒಳ್ಳೆಯ ಕಾಲ ಜುಲೈ, ಆಗಸ್ಟ್. ಮಳೆಗಾಲದ ನೆಗಡಿಗೆ ಕೆಲವರ ಕಿವಿ ಮಂದವಾಗಿರುತ್ತದೆ ನಿಜ. ಅಂಥವರನ್ನು ದಸರಾ ರಜೆ ಮುಗಿದ ಮೇಲೆ ಇನ್ನೊಮ್ಮೆ ನೋಡಿದರಾಯಿತು, ವರ್ಷ ಇನ್ನೂ ಉಳಿದಿರುತ್ತದೆ.

ಹೆತ್ತವರು ಸಭೆಯಲ್ಲಿ ಮೂರು ಪ್ರಶ್ನೆ ಕೇಳಲಿ. ಈ ವರ್ಷ ಆರ್‌ಬಿಎಸ್‌ಕೆ ತಂಡ ಯಾವಾಗ ಬರುತ್ತದೆ, ಕಿವಿಯೊಳಗೆ ನೋಡಿ ಸದ್ದಿನ ಪರೀಕ್ಷೆಯನ್ನೂ ಮಾಡುತ್ತದೆಯೇ? ಕಳೆದ ಸಲ ಚೀಟಿ ಪಡೆದ ಮಕ್ಕಳಲ್ಲಿ ಎಷ್ಟು ಜನ ಆಸ್ಪತ್ರೆಗೆ ಹೋದರು? ಹೋಗದವರನ್ನು ಯಾವ ತಾರೀಕು, ಯಾರು ಕರೆದುಕೊಂಡು ಹೋಗುತ್ತಾರೆ? ಮೂರನೆಯ ಪ್ರಶ್ನೆಗೆ ಒಂದು ಹೆಸರು, ಒಂದು ತಾರೀಕು ಸಿಗುವವರೆಗೆ ಸಭೆಯ ನಡಾವಳಿಗೆ ಸಹಿ ಹಾಕಬೇಡಿ.